ವೆಂಟಿಲೇಟರ್ ರೋಗಿಯ ಅನ್ನನಾಳಕ್ಕೆ ಬಲೂನ್ ಏಕೆ?

ಪ್ರಶ್ನೆ: ಇಲಿಜ್ವರ ಶ್ವಾಸಕೋಶಕ್ಕೇರಿ ವೆಂಟಿಲೇಟರ್‌ನಲ್ಲಿರುವ ರೋಗಿಗೆ ಅನ್ನನಾಳದ ಒತ್ತಡ ಅಳೆಯುತ್ತಾರಂತೆ. ಉಸಿರಿಗೂ ಅನ್ನನಾಳಕ್ಕೂ ಏನು ಸಂಬಂಧ?
– ದೇವಬಾಗ, ಕಾರವಾರ

ಉತ್ತರ: ವೆಂಟಿಲೇಟರ್‌ನ ಪರದೆಯಲ್ಲಿ ಕಾಣುವುದು ಶ್ವಾಸನಾಳದ ಒತ್ತಡ. ಅದರಲ್ಲಿ ಒಂದು ಪಾಲು ಶ್ವಾಸಕೋಶವನ್ನು ಹಿಗ್ಗಿಸುತ್ತದೆ. ಉಳಿದದ್ದು ಎದೆಗೂಡು, ವಪೆ, ಹೊಟ್ಟೆಗಳನ್ನು ಸರಿಸುವುದಕ್ಕೇ ಹೋಗುತ್ತದೆ. ಯಾವುದಕ್ಕೆ ಎಷ್ಟು ಹೋಯಿತೆಂದು ಈ ಒಂದು ಅಂಕಿಯಿಂದ ತಿಳಿಯದು. ಶ್ವಾಸಕೋಶದ ಹೊರಗಿನ ಒತ್ತಡ ಗೊತ್ತಾದರೆ ಲೆಕ್ಕ ಬಿಡಿಸಬಹುದು. ಆದರೆ ಎದೆಪೊರೆಯೊಳಗೆ ಸೂಜಿ ಚುಚ್ಚಿ ಅಳೆಯುವುದು ಅಪಾಯ. ಅನ್ನನಾಳ ಎದೆಯ ನಡುವೆ ಹಾದುಹೋಗುವ ಮೆತ್ತನೆಯ ಕೊಳವೆಯಾದ್ದರಿಂದ ಸುತ್ತಲಿನ ಒತ್ತಡ ಅದರೊಳಗೂ ಮೂಡುತ್ತದೆ.

ಈ ಒತ್ತಡದ ಅಳತೆ ನೀರಿನ ಸೆಂಟಿಮೀಟರುಗಳಲ್ಲಿ. ಕಾಳಿ ನದಿಯ ಅಳಿವೆಯಲ್ಲಿ ಒಂದಡಿ ಆಳಕ್ಕೆ ಕೈ ಇಳಿಸಿದರೆ ಅದರ ಮೇಲೆ ಬೀಳುವ ನೀರಿನ ಒತ್ತಡ ಹೆಚ್ಚುಕಡಿಮೆ 30. ಉಸಿರು ತುಂಬಿ ನಿಂತಾಗ ಶ್ವಾಸನಾಳದ ಒತ್ತಡ ಇದನ್ನು ಮೀರದಿರಲೆಂಬುದು ವಾಡಿಕೆಯ ನಿಯಮ. ಇಬ್ಬರು ರೋಗಿಗಳಲ್ಲಿ ಅದು 30 ಇದೆಯೆನ್ನಿ. ಒಬ್ಬರ ಅನ್ನನಾಳದ ಒತ್ತಡ 5: ಶ್ವಾಸಕೋಶದ ಪಾಲಿಗೆ 25, ಅಂದರೆ ಗಾಯವಾಗುವ ಅಂಚು. ಇನ್ನೊಬ್ಬರದು ದಪ್ಪ ದೇಹ, ಉಬ್ಬಿದ ಹೊಟ್ಟೆ, ಅನ್ನನಾಳದಲ್ಲಿ 18. ಇವರ ಶ್ವಾಸಕೋಶಕ್ಕೆ ಬೀಳುವುದು 12 ಮಾತ್ರ. ಉಸಿರು ಬಿಟ್ಟಾಗ ಹೊರಗಿನ ಒತ್ತಡವೇ ಮೇಲಾದರೆ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಆಗ ಉಸಿರು ಬಿಟ್ಟ ಕೊನೆಯಲ್ಲೂ ಯಂತ್ರ ಉಳಿಸಿಕೊಳ್ಳುವ ಒತ್ತಡ, ಅಂದರೆ ಪೀಪ್, ಏರಿಸಬೇಕಾಗಬಹುದು.

ಸುಮಾರು 10 ಸೆಂ.ಮೀ. ಉದ್ದದ ಬಲೂನ್ ಇರುವ ತೆಳು ಕೊಳವೆಯನ್ನು ಮೂಗಿನ ಮೂಲಕ ಜಠರದವರೆಗೆ ಇಳಿಸಿ, ಅನ್ನನಾಳದ ಕೆಳಭಾಗಕ್ಕೆ ಹಿಂದೆಳೆದು, ಕೆಲವೇ ಮಿ.ಲೀ. ಗಾಳಿ ತುಂಬುತ್ತಾರೆ. ಪರದೆಯ ಮೇಲಿನ ಒತ್ತಡದ ಗೆರೆಯಲ್ಲಿ ಹೃದಯದ ಮಿಡಿತ ಕಂಡರೆ ಜಾಗ ಸರಿಯಿರುವ ಸಾಧ್ಯತೆ ಹೆಚ್ಚು. ಬೇಡರ್ ಮತ್ತು ಸಂಗಡಿಗರು 1982ರಲ್ಲಿ ವಿವರಿಸಿದ ಪರೀಕ್ಷೆ ಇನ್ನೂ ಗಟ್ಟಿ: ಗಾಳಿದಾರಿ ಮುಚ್ಚಿದಾಗ ರೋಗಿ ಉಸಿರೆಳೆದರೆ ಶ್ವಾಸನಾಳ, ಅನ್ನನಾಳ ಎರಡರ ಒತ್ತಡಗಳೂ ಒಂದೇ ಪ್ರಮಾಣದಲ್ಲಿ ಬದಲಾಗಬೇಕು, ಅನುಪಾತ 0.8ರಿಂದ 1.2ರೊಳಗಿರಬೇಕು. ಈ ತಾಳೆ ನೋಡದ ಅಂಕಿಯನ್ನು ನಂಬಿ ಯಂತ್ರ ತಿರುಗಿಸುವುದು ತಪ್ಪು. ತಾಳೆಯಾದ ಮೇಲೂ ಮಿತಿಯುಂಟು: ಮಲಗಿದ ರೋಗಿಯಲ್ಲಿ ಹೃದಯದ ಭಾರ ಅನ್ನನಾಳದ ಮೇಲೆ ಬೀಳುತ್ತದೆ, ಸಿಗುವುದೂ ಒಂದೇ ಜಾಗದ ಅಳತೆ.

ಬಾಸ್ಟನ್‌ನ ಟಾಲ್ಮರ್ ತಂಡ 2008ರಲ್ಲಿ 61 ರೋಗಿಗಳಲ್ಲಿ ಈ ಅಳತೆ ಆಧರಿಸಿ ಪೀಪ್ ಹೊಂದಿಸಿದಾಗ ರಕ್ತದ ಆಮ್ಲಜನಕ ಸುಧಾರಿಸಿತು. ಆದರೆ 2019ರಲ್ಲಿ ಪ್ರಕಟವಾದ 200 ರೋಗಿಗಳ ಅಧ್ಯಯನದಲ್ಲಿ, ಕೋಷ್ಟಕ ನೋಡಿ ಹೆಚ್ಚಿನ ಪೀಪ್ ಕೊಟ್ಟ ಗುಂಪಿಗಿಂತ ಈ ಅಳತೆ ಆಧರಿಸಿದ ಗುಂಪಿನಲ್ಲಿ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಇದು ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. ತುಂಬಾ ದಪ್ಪಗಿರುವವರು, ಹೊಟ್ಟೆಯ ಒತ್ತಡ ಏರಿದವರು, ಯಂತ್ರದೊಂದಿಗೆ ಹೊಂದದೆ ಬಲವಾಗಿ ಉಸಿರೆಳೆಯುವವರು – ಇಂಥವರಲ್ಲಿ ಇದರ ಬೆಲೆ ಹೆಚ್ಚು.

ಸೌಲಭ್ಯವಿಲ್ಲದ ಕಡೆ ಚಿಕಿತ್ಸೆ ಕಳಪೆಯೆಂದು ಮನೆಯವರು ಕಳವಳಪಡಬೇಕಿಲ್ಲ. ಎತ್ತರ ಆಧರಿಸಿ ಲೆಕ್ಕಹಾಕಿದ ತೂಕದ ಪ್ರತಿ ಕಿಲೋಗೆ ಸುಮಾರು 6 ಮಿ.ಲೀ.ನಂತೆ ಸಣ್ಣ ಉಸಿರು ಕೊಡುವುದು, ತೀವ್ರ ಸ್ಥಿತಿಯಲ್ಲಿ ದಿನಕ್ಕೆ 16 ಗಂಟೆಯಷ್ಟು ಬೋರಲು ಮಲಗಿಸುವುದು ಜೀವ ಉಳಿಸುತ್ತವೆಂದು ರುಜುವಾತಾಗಿದೆ. ಅವಕ್ಕೆ ಬಲೂನ್ ಬೇಡ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ, ಗಡ್ಡೆ, ಈಚಿನ ಶಸ್ತ್ರಚಿಕಿತ್ಸೆ ಅಥವಾ ರಕ್ತಸ್ರಾವದ ತೊಂದರೆ ಇದ್ದರೆ ಕೊಳವೆ ಇಳಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು.