ವನ್ಯಧಾಮವೂ ಊರಿನ ಶಾಲೆಯೂ

ಆಫ್ರಿಕದ ವನ್ಯಧಾಮಗಳಿಗೆ ಸೇವೆಗೆಂದು ಹೋಗುವ ಹೊರನಾಡಿನ ತರುಣರು ನೆರೆಯ ಶಾಲೆಗಳಲ್ಲಿ ಪಾಠ ಹೇಳುವುದೂ ಉಂಟು. ಈ ಎರಡಕ್ಕೂ ಸಂಬಂಧವೇನು?

ಕೀನ್ಯ ದೇಶದಲ್ಲಿ 1948ರಲ್ಲಿ ಸ್ಥಾಪಿತವಾದ ತ್ಸಾವೊ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಸಗಲ್ಲ ಎಂಬ ಪ್ರದೇಶವಿದೆ. ಆನೆ ಒಂದು ರಾತ್ರಿ ಹೊಲಕ್ಕೆ ನುಗ್ಗಿದರೆ ರೈತನ ವರ್ಷದ ಅನ್ನವೇ ಹೋದೀತು. ಮಗುವಿನ ಓದೂ ನಿಂತೀತು. ಆದುದರಿಂದ ಅಲ್ಲಿ ಹೊಲದ ಸುತ್ತ ಹತ್ತು ಮೀಟರಿಗೊಂದರಂತೆ ಜೇನುಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ ತೂಗುಹಾಕುತ್ತಾರೆ. ಆನೆ ತಗುಲಿದೊಡನೆ ಪೆಟ್ಟಿಗೆಗಳು ಅಲ್ಲಾಡಿ ಜೇನು ಏಳುತ್ತದೆ. ಆನೆ ಬಹುಮಟ್ಟಿಗೆ ಹಿಂದಿರುಗುತ್ತದೆ. ಬೆಳೆಯೂ ಉಳಿಯಿತು, ಆನೆಯೂ ಉಳಿಯಿತು.

ಸ್ವಯಂಸೇವಕನು ಕೆಲವು ವಾರಗಳಲ್ಲಿ ಮರಳುವನು. ಮಕ್ಕಳೂ ಆನೆಗಳೂ ಅಲ್ಲಿಯೇ ಬಾಳಬೇಕು. ಊರಿನ ಉಪಾಧ್ಯಾಯರಿಗೂ ರೈತರಿಗೂ ಕೈನೆರವಾಗುವುದೇ ಅವನ ನಿಜವಾದ ಸೇವೆ. 1968ರಲ್ಲಿ ಕೀನ್ಯದ ವನ್ಯಜೀವಿ ಸಂಘಗಳನ್ನು ಕಟ್ಟಿದವರು ಆ ನಾಡಿನ ವಿದ್ಯಾರ್ಥಿಗಳೇ ಎಂಬುದನ್ನು ನಾವು ಮರೆಯಬಾರದು.