ಹೊಡೆಯದೆಯೇ ಆನೆಯನ್ನು ಕಟ್ಟಿಹಾಕುವುದು ಹೇಗೆ?

ಚೆಸ್‌ನಲ್ಲಿ ಎದುರಾಳಿಯ ಆನೆಯನ್ನು ಹೊಡೆಯಲೇಬೇಕೆಂದಿಲ್ಲ. ಅದು ಕದಲದಂತೆ ಮಾಡಿದರೂ ಸಾಕು. 1974ರ ನೀಸ್ ಒಲಿಂಪಿಯಾಡ್‌ನಲ್ಲಿ ಕಾರ್ಪೊವ್ ಅವರು ಉನ್‌ತ್ಸಿಕರ್ ವಿರುದ್ಧ ಆಡಿದ ಆಟ ಇದಕ್ಕೆ ಒಳ್ಳೆಯ ಪಾಠ.

ಬೋರ್ಡ್ ಮುಂದಿಟ್ಟುಕೊಳ್ಳಿ. ಬಿಳಿ ಆನೆ ಎ2ರಲ್ಲಿ, ಒಂಟೆ ಇ3ರಲ್ಲಿ. ಕಪ್ಪು ಆನೆಗಳು ಎ8 ಮತ್ತು ಸಿ8ರಲ್ಲಿ. ಎ ಫೈಲ್‌ನಲ್ಲಿ ಕಾಲಾಳುಗಳಿಲ್ಲ. ಹೀಗೇ ಬಿಟ್ಟರೆ ಕಪ್ಪು ಆಟಗಾರ ಆನೆಗಳನ್ನು ಬದಲಾಯಿಸಿಕೊಂಡು ನಿರಾಳವಾಗುತ್ತಾನೆ.

24ನೇ ನಡೆಯಲ್ಲಿ ಕಾರ್ಪೊವ್ ಒಂಟೆಯನ್ನು ಎ7ರಲ್ಲಿ ಇಟ್ಟರು. ಈಗ ಎ8ರ ಆನೆಗೆ ದಾರಿ ಎಲ್ಲಿದೆ?

1. ಒಂಟೆಯನ್ನು ಹೊಡೆದರೆ ಎ2ರ ಆನೆ ತಿರುಗಿ ಹೊಡೆಯುತ್ತದೆ. ಒಂಟೆಗೆ ಆನೆ ಕೊಟ್ಟ ನಷ್ಟ.
2. ಬಿ8ಕ್ಕೆ ಹೋದರೆ ಅಲ್ಲಿಯೂ ಒಂಟೆಯ ಹೊಡೆತ.
3. ಸಿ8ರಲ್ಲಿ ತನ್ನದೇ ಆನೆ ಅಡ್ಡ.

ಒಂಟೆಯ ಮರೆಯಲ್ಲಿ ಬಿಳಿಯ ಎರಡು ಆನೆಗಳೂ ಎ ಫೈಲ್‌ನಲ್ಲಿ ಜೋಡಿಯಾದವು. ಒಂಟೆ ಯಾವಾಗ ಸರಿಯುವುದೋ, ದಾರಿ ಯಾವಾಗ ತೆರೆಯುವುದೋ ಎಂದು ಕಪ್ಪು ಕಾಯಿಗಳು ಆ ಕಡೆಯೇ ಕಾವಲು ನಿಲ್ಲಬೇಕಾಯಿತು. ಅಷ್ಟರಲ್ಲಿ ಕಾರ್ಪೊವ್ 30ನೇ ನಡೆಯಲ್ಲಿ ಎಫ್ ಕಾಲಾಳನ್ನು ಮುಂದೆ ತಳ್ಳಿ, ರಾಜನ ಕಡೆ ದಾಳಿ ಮಾಡಿ ಗೆದ್ದರು.

ನಿಮ್ಮ ಮುಂದಿನ ಆಟದಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ: ಎದುರಾಳಿಯ ಯಾವ ಆನೆ ಸುಮ್ಮನೆ ಕುಳಿತಿದೆ? ಅದು ಹೊರಬರುವ ದಾರಿ ಯಾವುದು? ಆ ದಾರಿ ಮುಚ್ಚುವ ನಮ್ಮ ಕಾಯಿಗೆ ಬೆಂಬಲವಿದೆಯೇ?