ಸಣ್ಣ ಗೆಲ್ಲು, ಪೂರ್ಣ ವೇಗ

ಪೊಳಲಿಯ ರಾಜರಾಜೇಶ್ವರಿಯ ಚೆಂಡಿನ ಉತ್ಸವವು ಮುಗಿದು, ಫಲ್ಗುಣಿ ನದಿಯ ನೀರು ತಗ್ಗಿ, ಮಳೆಗಾಲಕ್ಕೆ ತೋಟವನ್ನು ಸಿದ್ಧಗೊಳಿಸಬೇಕಾದ ದಿನಗಳಲ್ಲಿ, ಅಡಿಕೆ ತೋಟದ ಅಂಚಿನ ಹಲಸು, ಮಾವುಗಳ ಗೆಲ್ಲು ಸವರುವುದು ನಮ್ಮ ಕಡೆಯ ಕೃಷಿಕರಿಗೆ ತಪ್ಪದ ಕಾರ್ಯ. ನೆರಳು ಮಿತಿಮೀರಿದರೆ ತೋಟದ ತೇವವು ಆರದೆ ಕೊಳೆರೋಗಕ್ಕೆ ಅನುಕೂಲವಾಗುವುದು. ಹಾಗೆಂದು ನೈಋತ್ಯ ದಿಕ್ಕಿನ ಮರಗಳನ್ನು ಬೋಳಿಸಿದರೆ ಇಳಿಬಿಸಿಲು ಅಡಿಕೆ ಮರದ ಕಾಂಡವನ್ನೇ ಸುಡುವುದು. ಹಿಂದೆ ಕತ್ತಿ, ಕೊಡಲಿಗಳಿಂದ ನಡೆಯುತ್ತಿದ್ದ ಈ ಕೆಲಸಕ್ಕೆ ಈಗ ಪೆಟ್ರೋಲಿನ ಗರಗಸ ಬಂದಿದೆ. ಅದರೊಡನೆ ವರ್ಷಗಳಿಂದ ಒಡನಾಡಿ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇನೆ.

"ಸಣ್ಣ ಗೆಲ್ಲಲ್ವಾ, ಅಷ್ಟು ರೇಸ್ ಯಾಕೆ?" ಎಂದು ಕೇಳುವವರು ಬಹಳ. ಯಂತ್ರದ ಮೇಲಣ ಕರುಣೆಯಿಂದಲೇ ಹುಟ್ಟಿದ ಈ ಪ್ರಶ್ನೆಯು ವಸ್ತುತಃ ಯಂತ್ರಕ್ಕೆ ಅಹಿತಕರವಾದುದು. ಗರಗಸದ ಎಂಜಿನ್ನು ನಿಮಿಷಕ್ಕೆ ಸುಮಾರು 3,000 ಸುತ್ತುಗಳಲ್ಲಿ ಸುಮ್ಮನೆ ಓಡುತ್ತಿರುವಾಗ ಚೈನು ಚಲಿಸದು. ವೇಗವು ಏರಿದಂತೆ ಕ್ಲಚ್ಚಿನ ತುಂಡುಗಳು ಕೇಂದ್ರಾಪಗಾಮಿ ಬಲದಿಂದ ಹೊರಚಾಚಿ, ಸುತ್ತಲಿನ ಡ್ರಮ್ಮನ್ನು ಹಿಡಿದು ಚೈನನ್ನು ತಿರುಗಿಸುವುವು. ಅರ್ಧ ವೇಗದಲ್ಲಿ ಈ ಹಿಡಿತವು ದೃಢವಾಗಿರದು. ಅಂತಹ ಸ್ಥಿತಿಯಲ್ಲಿ ಗೆಲ್ಲಿಗೆ ಗರಗಸವನ್ನು ಒತ್ತಿದರೆ, ಕ್ಲಚ್ಚು ಜಾರುತ್ತಾ, ಜಾರಿದಷ್ಟೂ ಕಾಯುತ್ತಾ, ಕಡೆಗೆ ತನ್ನ ಸ್ಪ್ರಿಂಗುಗಳನ್ನೂ ಸಮೀಪದ ಪ್ಲಾಸ್ಟಿಕ್ ಭಾಗಗಳನ್ನೂ ಕೆಡಿಸಿಕೊಳ್ಳುವುದು. ಚೈನ್ ಬ್ರೇಕನ್ನು ಬಿಡಿಸದೆ ರೇಸ್ ಕೊಟ್ಟರೂ ಫಲವು ಇದೇ.

ಆದುದರಿಂದ ಹಲ್ಲು ಮರವನ್ನು ಮುಟ್ಟುವುದಕ್ಕೆ ಕ್ಷಣಮಾತ್ರ ಮುಂಚೆ ಥ್ರಾಟಲನ್ನು ಪೂರ್ಣವಾಗಿ ಒತ್ತಿ, ಗೆಲ್ಲು ತುಂಡಾದೊಡನೆ ಬೆರಳನ್ನು ಸಡಿಲಿಸತಕ್ಕದ್ದು. ಒಂದು ಗೆಲ್ಲಿನಿಂದ ಮತ್ತೊಂದಕ್ಕೆ ಹೋಗುವಷ್ಟು ಹೊತ್ತೂ ರೇಸ್ ಹಿಡಿದೇ ಇರುವುದು ಇನ್ನೊಂದು ಅತಿರೇಕ. ಹೊರೆಯಿಲ್ಲದೆ 12,000 ಸುತ್ತುಗಳನ್ನು ಮೀರಿ ಕಿರಿಚುವ ಎಂಜಿನ್ನಿನ ಪಿಸ್ಟನ್ನು, ಬೇರಿಂಗುಗಳು ವ್ಯರ್ಥವಾಗಿ ಸವೆಯುವುವು. ಈ ಎಂಜಿನ್ನಿನಲ್ಲಿ ಪ್ರತ್ಯೇಕ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿಗೆ ಬೆರೆಸಿದ ಟೂ-ಸ್ಟ್ರೋಕ್ ಆಯಿಲೇ ಅದಕ್ಕೆ ಸರ್ವಸ್ವ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್. 25ಕ್ಕೆ 1 ಎಂದಿದ್ದರೆ 40. ಯಾವುದು ಸಲ್ಲುವುದೆಂಬುದನ್ನು ಯಂತ್ರದೊಡನೆ ಬಂದ ಪುಸ್ತಿಕೆಯೇ ನಿರ್ಣಯಿಸತಕ್ಕದ್ದು, ಕಣ್ಣಂದಾಜಲ್ಲ.

ಕೆಲಸದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಸ್ವಲ್ಪ ಸಹನೆ ಬೇಕು. ತಣ್ಣಗಿರುವ ಎಂಜಿನ್ನನ್ನು ಕೂಡಲೇ ಪೂರ್ಣ ವೇಗಕ್ಕೆ ಏರಿಸಬಾರದು. ಕಡಿದು ಕಾದ ಎಂಜಿನ್ನನ್ನು ಕೂಡಲೇ ನಿಲ್ಲಿಸಲೂ ಬಾರದು. ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟರೆ ಒಳಗಿನ ಪಂಖದ ಗಾಳಿಯು ಸಿಲಿಂಡರಿನ ತಾಪವನ್ನು ಹೊರಹಾಕುವುದು. ನಮ್ಮ ಹಲಸಿನ ಗೆಲ್ಲು ಕಡಿದ ದಿನವಂತೂ ಸಂಜೆ ಯಂತ್ರವನ್ನು ಬಿಚ್ಚಿ ನೋಡಲೇಬೇಕು. ಅದರ ಮೇಣದೊಡನೆ ಮರದ ಹುಡಿಯು ಸೇರಿ ಕ್ಲಚ್ಚಿನ ಮುಚ್ಚಳದೊಳಗೂ ಚೈನು ಓಡುವ ಬಾರಿನ ಸೀಳಿನಲ್ಲಿಯೂ ಗಟ್ಟಿಯಾಗುವುದು. ತೆಂಗಿನೆಣ್ಣೆ ಸವರಿ ಒರಸಿದರೆ ಅದು ಬಿಡುವುದು. ಏರ್ ಫಿಲ್ಟರ್ ಹುಡಿಯಿಂದ ಮುಚ್ಚಿದ್ದರೆ, ಉಸಿರುಕಟ್ಟಿದವನಂತೆ ಎಂಜಿನ್ನು ಬಲಗುಂದಿ ಕರಿಹೊಗೆಯುಗುಳುವುದು.

ಮಳೆಗಾಲದಲ್ಲಿ ಗರಗಸಕ್ಕೆ ದೀರ್ಘ ವಿಶ್ರಾಂತಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ ಅದು ನಮ್ಮ ಕರಾವಳಿಯ ತೇವವನ್ನು ಹೀರುವುದು. ಟ್ಯಾಂಕಿಯಲ್ಲಿಯೇ ಉಳಿದರೆ ಕಾರ್ಬುರೇಟರಿನ ತೆಳುವಾದ ಪೊರೆಗೆ ಕೇಡು. ಟ್ಯಾಂಕಿಯನ್ನು ಬರಿದುಮಾಡಿ, ಉಳಿದಷ್ಟನ್ನು ಎಂಜಿನ್ನು ತಾನಾಗಿ ನಿಲ್ಲುವವರೆಗೆ ಉರಿಸಿ, ಒಣ ಸ್ಥಳದಲ್ಲಿಡುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೆಯೂ, ಎಲ್ಲ ಗೆಲ್ಲೂ ಗರಗಸಕ್ಕೆ ಸಲ್ಲದು. ಬೆರಳುಗಾತ್ರದ ಎಳೆಗೆಲ್ಲು ಚೈನಿಗೆ ಸಿಲುಕಿ ಕಡಿಯುವವನ ಕಡೆಗೇ ಬೀಸಿ ಹೊಡೆಯುವುದು. ಬಾರಿನ ತುದಿಗೆ ತಗಲಿದರೆ ಯಂತ್ರವೇ ಮುಖದ ಕಡೆಗೆ ಚಿಮ್ಮುವುದು. ಅಂತಹ ಎಳೆಗೆಲ್ಲಿಗೆ ಹಿರಿಯರ ಕತ್ತಿಯೇ ಸಾಕು. ತೋಳುಗಾತ್ರದ ಗೆಲ್ಲಿಗೆ ಗರಗಸವನ್ನು ಹಿಡಿದಿರಾದರೆ, ಮರದಲ್ಲಿರುವಷ್ಟು ಹೊತ್ತು ಪೂರ್ಣ ವೇಗವನ್ನು ಕೊಡಿರಿ, ಮರದಿಂದ ಹೊರಬಂದೊಡನೆ ವಿರಾಮವನ್ನು ಕೊಡಿರಿ. ಅರ್ಧ ವೇಗದಿಂದ ಯಂತ್ರಕ್ಕೂ ಹಿತವಿಲ್ಲ, ಒಡೆಯನಿಗೂ ಲಾಭವಿಲ್ಲ.